ಭೋಂಗಾ ಕೂಗಿದ ಹೊತ್ತು

ಈಶಪ್ಪನ ಕಿವಿ ಮಂದವಾಗಿ ಎರಡು ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಹೆಂಡತಿ ನೀಲಕ್ಕನಿಗೆ ಮಾತ್ರ. ಎದುರು ನಿಂತು ಗಟ್ಟಿಯಾಗಿ ಮಾತಾಡಿದರೆ ತಿಳಿಯುತ್ತಿತ್ತು; ರೇಡಿಯೊ ಹೆಡ್‌ಫೋನಿನೊಳಗಿನ ಸಣ್ಣ ಸಿಳ್ಳೆ ಮಾತ್ರ ಕೈಕೊಡುತ್ತಿತ್ತು. ಹಳಿಯಾಳದ ತಾರ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ತಾರ್ ಮಾಸ್ತರನಾಗಿ ಉದ್ದ-ಗಿಡ್ಡ ಸಪ್ಪಳದ ಮೋರ್ಸ್ ಸಂಕೇತ ಬಡಿದ ಮನುಷ್ಯ, ನನಗೆ ಕೇಳುವುದಿಲ್ಲ ಎಂದು ಯಾವ ಬಾಯಿಂದ ಹೇಳಬೇಕು?

ರಿಟೈರಾಗಿ ದಾಂಡೇಲಿಗೆ ಬಂದ ಮೇಲೆ ಅವನಿಗೆ ಉಳಿದಿದ್ದ ಸುಖವೆಂದರೆ ನಾಗಲಿಂಗಪ್ಪನ ಮನೆಯ ಹಿಂದಿನ ಖೋಲಿ. ನಾಗಲಿಂಗಪ್ಪ ಕಾಗದದ ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಫೋರ್‌ಮನ್. ಯುದ್ಧಕಾಲದ ಹಳೆಯ ರಿಸೀವರ್ ತಂದು, ಉಳಿದ ಸೆಟ್ಟನ್ನು ಕೈಯಾರೆ ಜೋಡಿಸಿ, ಎರಡು ಬಿದಿರುಗಳ ನಡುವೆ ತಂತಿ ಬಿಗಿದು, ಏಳು ಜನರ ಹವ್ಯಾಸಿ ರೇಡಿಯೊ ಕ್ಲಬ್ ಕಟ್ಟಿದ್ದ. ಖೋಲಿ ಕಾರ್ಖಾನೆಯ ಗೋಡೆಗೇ ಅಂಟಿಕೊಂಡಿತ್ತು. ಪಾಳಿ ಬದಲಾಗುವಾಗ ಕಾರ್ಖಾನೆಯ ಸೈರನ್, ಅಂದರೆ ಭೋಂಗಾ, ಕೂಗಿತೆಂದರೆ ಮೂರು ನಿಮಿಷ ದೇವರೇ ಬಂದು ಮಾತಾಡಿದರೂ ಕೇಳುವಂತಿರಲಿಲ್ಲ. ಅದಕ್ಕೇ ಕ್ಲಬ್ಬಿನಲ್ಲೊಂದು ಪದ್ಧತಿ: ಭೋಂಗಾ ಕೂಗಿದೊಡನೆ ಹೆಡ್‌ಫೋನ್ ಕೆಳಗಿಟ್ಟು ಎಲ್ಲರೂ ಚಹಾ ಕುಡಿಯುವುದು. ಮೋರ್ಸ್ ಸರಿಯಾಗಿ ಬಾರದವರು ಕೂಡ ಈ ಪದ್ಧತಿಯನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ವರ್ಷಕ್ಕೊಮ್ಮೆ ದಕ್ಷಿಣದ ಕ್ಲಬ್ಬುಗಳಿಗೆಲ್ಲ ಒಂದು ಸ್ಪರ್ಧೆ. ಭಾನುವಾರ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಎಷ್ಟು ಸ್ಟೇಷನ್ನುಗಳ ಜೊತೆ ಮೋರ್ಸಿನಲ್ಲಿ ಮಾತಾಡಿದಿರಿ ಎಂಬುದರ ಲೆಕ್ಕ. ಪ್ರತಿಯೊಬ್ಬರೂ ತಮಗೆ ಬೇಕಾದ ಅಂಕಿಯಿಂದ ಶುರುಮಾಡಿ, ಮಾತುಕತೆಗೊಂದರಂತೆ ಏರುವ ಒಂದು ನಂಬರು ಕಳಿಸುತ್ತಾರೆ; ದಾಂಡೇಲಿಯದು ಒಂದರಿಂದ ಶುರು. ಅದನ್ನು ಲೆಕ್ಕದ ವಹಿಯಲ್ಲಿ ತಪ್ಪಾಗಿ ಬರೆದುಕೊಂಡರೆ ಆ ಮಾತುಕತೆ ರದ್ದು, ದಂಡವಾಗಿ ಇನ್ನೆರಡು ರದ್ದು. ಹೋದ ಸಲ ಈಶಪ್ಪ ಎರಡು ಕಡೆ ಆರನ್ನು ಏಳು ಎಂದು ಬರೆದ. ದಾಂಡೇಲಿ ಪಟ್ಟಿಯ ತಳಕ್ಕೆ ಹೋಯಿತು.

ಸಾವಿರದ ಒಂಬೈನೂರ ಅರವತ್ತೊಂದರ ಸ್ಪರ್ಧೆಯ ಹಿಂದಿನ ವಾರ ಶೇಖಪ್ಪ ಮಾತು ತೆಗೆದ. ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ಮೂವತ್ತರ ವಯಸ್ಸು, ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ಮಾಸ್ತರ್ರ, ಈ ಸಲ ನೀವು ಬರಿ ವಹಿ ಬರೀರಿ. ಸೆಟ್ಟಿನ ಮುಂದ ನಾ ಕುಂದರ್ತೇನಿ."

ನಾಗಲಿಂಗಪ್ಪ ನೆಲ ನೋಡಿದ, ಬೇಡ ಎನ್ನಲಿಲ್ಲ. ಈಶಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ವಹಿ ಬರೆಯುವ ಕುರ್ಚಿ ಇವತ್ತು, ಮನೆಯ ಕಟ್ಟೆ ನಾಳೆ. ಅದು ಅವನಿಗೆ ಚೆನ್ನಾಗಿ ತಿಳಿದಿತ್ತು.

"ಕಿವಿ ಸಂಗತಿ ಹೇಳಿಬಿಡ್ರಿ ಅವರಿಗೆ," ಎಂದಳು ಅಂದು ರಾತ್ರಿ ಮನೆಯಲ್ಲಿ ನೀಲಕ್ಕ. "ಮುಚ್ಚಿಟ್ಟರ ಕಿವಿ ಬರ್ತಾವೇನು?"

ಈಶಪ್ಪ ಆ ಮಾತೂ ಕೇಳಿಸದವನಂತೆ ಎದ್ದು ಹೋದ.

ಭಾನುವಾರ ಶೇಖಪ್ಪ ಚೆನ್ನಾಗಿಯೇ ಆಡಿದ, ಅದನ್ನು ಒಪ್ಪಲೇಬೇಕು. ಒಂದೂವರೆಗೆ ಐವತ್ತೊಂದು ಸ್ಟೇಷನ್ನು ಮುಗಿಸಿದ್ದ. ಆದರೆ ಎಲ್ಲರೂ ಹಂಬಲಿಸುತ್ತಿದ್ದದ್ದು ಅಂಡಮಾನಿನಲ್ಲಿದ್ದ ಒಂದೇ ಒಂದು ಸ್ಟೇಷನ್ನಿಗೆ. ಅದೊಂದು ಸಿಕ್ಕರೆ ಇಪ್ಪತ್ತು ಸ್ಟೇಷನ್ನಿನ ಅಂಕ. ಬೆಳಿಗ್ಗೆಯಿಂದ ಕರೆದೂ ಕರೆದೂ ಸಾಕಾಗಿತ್ತು; ಒಂದೂವರೆಯ ಮೇಲಂತೂ ಬೇರೆ ಯಾರನ್ನೂ ಕರೆದಿರಲಿಲ್ಲ. ಎರಡಕ್ಕೆ ಐದು ನಿಮಿಷವಿದೆ ಎನ್ನುವಾಗ ಶೇಖಪ್ಪ ಕೈಯೆತ್ತಿದ. ಅಂಡಮಾನಿನವನು ದಾಂಡೇಲಿಯ ಹೆಸರು ಹಿಡಿದು ಕರೆಯುತ್ತಿದ್ದ.

ಅದೇ ಗಳಿಗೆಗೆ ಭೋಂಗಾ ಕೂಗಿತು.

ಶೇಖಪ್ಪ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ, ಮೇಜಿನ ಕೆಳಗೆ ತಲೆ ತೂರಿಸಿದ, ಕೊನೆಗೆ ಕಿತ್ತು ಬಿಸಾಕಿದ. ನಾಗಲಿಂಗಪ್ಪ ತಲೆಯ ಮೇಲೆ ಕೈ ಹೊತ್ತ. ಬಾಗಿಲಲ್ಲಿ ಚಹಾ ಬಂದು ನಿಂತಿತ್ತು.

ಈಶಪ್ಪನಿಗೆ ಹಳಿಯಾಳ ನೆನಪಾಯಿತು. ತಾರ್ ಆಫೀಸಿನ ಪಕ್ಕದಲ್ಲೇ ಕಟ್ಟಿಗೆ ಕೊಯ್ಯುವ ಗಿರಣಿ. ಗರಗಸ ಕಿರುಚಲು ತೊಡಗಿದರೆ ತಾರಿನ ಸಪ್ಪಳ ಕೇಳುತ್ತಿರಲಿಲ್ಲ. ಆಗ ಅವನು ತಾರಿನ ಯಂತ್ರದಲ್ಲಿ ಟಕಟಕ ಕುಣಿಯುವ ಹಿತ್ತಾಳೆ ಪಟ್ಟಿಯ ಮೇಲೆ ಬೆರಳಿಟ್ಟು ತಾರು ಓದುತ್ತಿದ್ದ. ಅವನ ಕಿವಿ ತಿಂದದ್ದು ಆ ಗರಗಸವೇ. ಬೆರಳಿಗೆ ಓದು ಕಲಿಸಿದ್ದೂ ಅದೇ.

ವಹಿ ಬದಿಗಿಟ್ಟು ಶೇಖಪ್ಪನನ್ನು ಭುಜ ಹಿಡಿದು ಸರಿಸಿದ. ಹೆಡ್‌ಫೋನಿನ ವೈರು ಕಿತ್ತು, ಆ ಜಾಗಕ್ಕೆ ಮೇಜಿನ ಮೇಲಿದ್ದ ಸ್ಪೀಕರಿನದನ್ನು ಸಿಕ್ಕಿಸಿದ. ಸದ್ದನ್ನು ಪೂರ್ತಿ ಏರಿಸಿ, ಸಿಳ್ಳೆಯ ಸ್ವರವನ್ನು ದಪ್ಪಗೆ ಗುಂಯ್‌ಗುಡುವಷ್ಟು ಕೆಳಗಿಳಿಸಿ, ಸ್ಪೀಕರಿನೊಳಗಿನ ಬೋಳು ಕಾಗದದ ಪರದೆಯ ಮೇಲೆ ಎಡಗೈಯ ಎರಡು ಬೆರಳಿಟ್ಟ.

ಕಾಗದ ನಡುಗುತ್ತಿತ್ತು. ಅಂಡಮಾನಿನವನು ಇನ್ನೂ ಅಲ್ಲೇ ಇದ್ದ. ಒಂದು, ನಾಲ್ಕು... ಮೂರನೆಯ ಅಂಕಿ ಆರೋ ಏಳೋ ಸ್ಪಷ್ಟವಾಗಲಿಲ್ಲ. ಹೋದ ವರ್ಷ ಇಂಥದೇ ಜಾಗದಲ್ಲಿ ನಾಚಿಕೊಂಡು ಅಂದಾಜು ಬರೆದಿದ್ದ. ಈ ಸಲ ಬಲಗೈಯಿಂದ ಮೋರ್ಸ್ ಕೀ ಒತ್ತಿ, ಇನ್ನೊಮ್ಮೆ ಹೇಳು ಎಂದ. ಬೆರಳ ತುದಿಗೆ ಒಂದು ಉದ್ದ, ನಾಲ್ಕು ಗಿಡ್ಡ ತಾಗಿದವು. ಆರು. ನೂರಾ ನಲವತ್ತಾರು ಎಂದು ಬರೆದು, ತನ್ನ ನಂಬರು ಐವತ್ತೆರಡನ್ನು ಕಳಿಸಿದ. ಮುಟ್ಟಿತು ಎಂಬ ಉತ್ತರವೂ ಬೆರಳಿಗೇ ಬಂತು.

ಭೋಂಗಾ ನಿಂತಿತು. ಯಾರೂ ಚಹಾ ಮುಟ್ಟಿರಲಿಲ್ಲ.

"ಮಾಸ್ತರ್ರ, ಅಂದಾಜಿಗೆ ಬರದ್ರೇನು?" ಶೇಖಪ್ಪನ ದನಿ ಇಳಿದಿತ್ತು. "ಹೆಂಗ ಕೇಳಿಸ್ತು ನಿಮಗ?"

"ಕೇಳಿಸಲಿಲ್ಲೋ ತಮ್ಮಾ," ಎಂದ ಈಶಪ್ಪ. ಎಂದೂ ಇಲ್ಲದ ಧೈರ್ಯ ಬಂದಿತ್ತು. "ಎರಡ ವರ್ಷಾತು, ನನಗ ಈ ಸಿಳ್ಳೆ ಕೇಳಂಗಿಲ್ಲ. ಹೋದ ಸಲ ತಪ್ಪಿದ್ದೂ ಅದಕ್ಕ. ಇವತ್ತ ಬೆರಳಿನ್ಯಾಗ ಓದೇನಿ. ಅಂಕಿ ಖರೆ ಐತಿ."

ಅಂಕಿ ಖರೆಯೋ ಸುಳ್ಳೋ ಎಂದು ತಿಳಿಯಲು ಮೂವತ್ತಾರು ದಿನ ಬೇಕಾಯಿತು. ಅಷ್ಟೂ ದಿನ ಅವನಿಗೆ ಅನ್ನ ಸೇರಲಿಲ್ಲ. ಕೊನೆಗೆ ಅಂಡಮಾನಿನ ಪೋರ್ಟ್‌ಬ್ಲೇರಿನಿಂದ ತೆಂಗಿನಮರದ ಚಿತ್ರವಿದ್ದ ಒಂದು ಕಾರ್ಡು ಬಂತು. ನಾನು ಕಳಿಸಿದ ನಂಬರು ೧೪೬, ನಿಮ್ಮದು ೫೨ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಅದರ ಬೆನ್ನಿಗೇ ಫಲಿತಾಂಶದ ಕಾಗದ: ಮೊದಲ ಸ್ಥಾನ ದಾಂಡೇಲಿಗೆ. ಅಂಡಮಾನನ್ನು ಮುಟ್ಟಿದ್ದು ದಾಂಡೇಲಿಯೊಂದೇ. ನಾಗಲಿಂಗಪ್ಪ ಎರಡನ್ನೂ ಹಿಡಿದುಕೊಂಡು ಕಾರ್ಖಾನೆಯ ಗೇಟಿನವರೆಗೂ ಓಡಿ, ಪಾಳಿ ಬಿಟ್ಟು ಬರುವವರಿಗೆಲ್ಲ ತೋರಿಸಿದ. ಮೋರ್ಸ್ ಅಂದರೇನೆಂದು ತಿಳಿಯದವರೂ ಅವನ ಬೆನ್ನು ತಟ್ಟಿದರು.

ಅಂದು ಸಂಜೆ ಈಶಪ್ಪ ಕಟ್ಟೆಯ ಮೇಲೆ ಕೂತಿದ್ದಾಗ ಶೇಖಪ್ಪ ಬಂದ. ಪಕ್ಕದಲ್ಲಿ ಕೂತು, ಮುದುಕನ ಅಂಗೈ ತೆರೆದು, ತೋರುಬೆರಳಿನಿಂದ ಸಾವಕಾಶ ಮೋರ್ಸ್ ಒತ್ತತೊಡಗಿದ. ಮುಂದಿನ ಸಲ ಸೆಟ್ಟಿನ ಮುಂದೆ ನೀವು, ವಹಿ ನಾನು. ಭಾನುವಾರ ಹತ್ತಕ್ಕೆ ಬನ್ನಿ, ಬೆರಳಿನಿಂದ ಓದುವುದನ್ನು ನಮಗೆಲ್ಲ ಕಲಿಸಿ.

ನಡುವೆ ಎರಡು ಅಕ್ಷರ ತಪ್ಪಿದ. ಈಶಪ್ಪ ಅವನ ಬೆರಳು ಹಿಡಿದು ಅವೆರಡನ್ನೂ ತಿದ್ದಿಸಿದ. ಆಮೇಲೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ನೀಲಕ್ಕನಿಗೂ ಓಣಿಗೂ ಕೇಳುವಂತೆ ಹೇಳಿದ:

"ಬರ್ತೇನಿ."