ಎತ್ತಿನ ಮರೆ

"ಮೂತಿ ನೆಲಾ ನೋಡಬೇಕ್ರಿ, ಧಣೇರ," ಎಂದ ದುರ್ಗಪ್ಪ, ಮೂರನೆಯ ಸಲ. "ಪಟ್ಟಿ ಎಡ ಹೆಗಲಿಗೆ ಹಾಕ್ಕೋರಿ. ಬಂದೂಕ ಎದಿ ಮುಂದ ಬರ್ಲಿ, ಮೂತಿ ಕೆಳಗ. ಎಡಗೈ ಅದರ ಮ್ಯಾಲಿರ್ಲಿ. ಆಗ ಬಗ್ಗಿದ್ರೂ ಕುಂತ್ರೂ ಅದು ನಿಮ್ಮ ಕಣ್ಣ ಮುಂದ ಇರ್ತೈತಿ. ಹೆಗಲೂ ನೋಯಂಗಿಲ್ಲ."

ಗುತ್ತೇದಾರ ರಾಚಪ್ಪ ಜೀಪಿನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದ. ಹೊಸ ರೈಫಲ್ ಅವನ ಬಲ ಹೆಗಲ ಹಿಂದೆ ಆಕಾಶಕ್ಕೆ ಬಾಯಿ ಮಾಡಿ ನಿಂತಿತ್ತು. ಚರ್ಮದ ಪಟ್ಟಿ ಎಷ್ಟು ಸಡಿಲವಿತ್ತೆಂದರೆ, ಅವನು ಕಾಲು ಎತ್ತಿಟ್ಟಾಗಲೆಲ್ಲ ಬಂದೂಕಿನ ಹಿಡಿ ಅವನ ಅಂಡಿಗೆ ಬಡಿಯುತ್ತಿತ್ತು. ಅದಕ್ಕೂ ಅವನು ಮೀಸೆಯೊಳಗೇ ಖುಷಿಪಡುತ್ತಿದ್ದ.

"ಬೆಳಗಾವ್ಯಾಗ ಮೇಜರ್ ಸಾಹೇಬರು ಕಲಿಸ್ಯಾರೋ ನನಗ. ಸಿಪಾಯಿಗೋಳು ಹಿಂಗ ಹಾಕ್ಕೊಳ್ಳೋದು."

"ಸಿಪಾಯಿಗೋಳು ಎತ್ತಿನ ಮರೆಯಾಗ ಬಗ್ಗಿ ನಡ್ಯಾಂಗಿಲ್ಲ ಬಿಡ್ರಿ," ಎಂದಳು ಮಾಯವ್ವ, ಎತ್ತಿನ ಮೂಗುದಾರ ಬಿಚ್ಚುತ್ತ.

ದುರ್ಗಪ್ಪ ಮಗಳನ್ನು ಕಣ್ಣಲ್ಲೇ ಗದರಿದ. ನಗು ಮಾತ್ರ ಅವನ ಹೊಟ್ಟೆಯಲ್ಲೂ ಇತ್ತು. ಬೇವೂರಿನ ಎರೆಹೊಲಗಳಲ್ಲಿ ನಲವತ್ತು ವರ್ಷ ಚಿಗರಿ ಜಿಂಕೆಗಳ ಬೆನ್ನು ಹತ್ತಿದ ಮನುಷ್ಯ ಅವನು. ಎಂಥೆಂಥ ಬೇಟೆಗಾರರನ್ನು ಕಂಡಿದ್ದ. ತಲೆಗೆ ವಾಸನೆ ಎಣ್ಣೆ ಹಚ್ಚಿಕೊಂಡು ಚಿಗರಿಗೆ ಹೊರಟವನನ್ನು ಕಂಡಿರಲಿಲ್ಲ. ಅದೂ ಹೋಗಲಿ, ರಾಚಪ್ಪನ ಮನೆಯಲ್ಲಿ ಮಾಂಸದ ಹೆಸರೆತ್ತುವಂತಿಲ್ಲ. ಬಾಗಲಕೋಟೆಯಲ್ಲಿ ಕಟ್ಟಿಸಿದ ಹೊಸ ಮನೆಯ ಪಡಸಾಲೆಯ ಗೋಡೆಗೆ ಒಂದು ಜೋಡಿ ಕೋಡು ಬೇಕಂತೆ, ಅದಕ್ಕಾಗಿ ಪರವಾನಗಿ, ಅದಕ್ಕಾಗಿ ರೈಫಲ್. ದುರ್ಗಪ್ಪನ ತಂದೆ ಚಿಗರಿ ಬಿದ್ದಲ್ಲಿ ಕೂತು, ಅದರ ಕಣ್ಣು ಮುಚ್ಚಿ, ಮಕ್ಕಳ ಹಸಿವಿನ ನೆಪ ಹೇಳಿ ಕ್ಷಮೆ ಕೇಳುತ್ತಿದ್ದ. ಈ ಪುಣ್ಯಾತ್ಮ ಏನೆಂದು ಕೇಳಿಯಾನು? ನನ್ನ ಗೋಡೆ ಬೋಳಾಗಿತ್ತು ಎಂದೆ?

ಆದರೂ ದುರ್ಗಪ್ಪ ಕೈಕಟ್ಟಿ ನಿಂತಿದ್ದ. ಮಾಯವ್ವನ ಗಂಡ ರಾಚಪ್ಪನ ಕಾಲುವೆ ಕೆಲಸದಲ್ಲಿ ಕಲ್ಲು ಹೊರುತ್ತಿದ್ದವನು. ಮದ್ದಿಟ್ಟು ಸುರಂಗ ಹಾರಿಸಿದಾಗ ಸಿಡಿದ ಬಂಡೆಯೊಂದು ಬಡಿದು ಅವನ ಮೊಣಕಾಲು ಮುರಿದುಹೋಗಿತ್ತು. ಇನ್ನು ಅವನು ಹೊರುವಂತಿಲ್ಲ, ಕೂತು ಮಾಡುವ ಕೆಲಸ ಬೇಕು. ಸಿಮೆಂಟಿನ ಗೋದಾಮಿಗೆ ಕಾವಲುಗಾರ ಬೇಕಾಗಿದ್ದ, ಕಾವಲುಗಾರನಿಗೆ ತಗಡಿನ ಒಂದು ಖೋಲಿಯೂ ಇತ್ತು. "ಚಿಗರಿ ಬಿತ್ತಂದ್ರ ನಾಳಿಂದ ಗೋದಾಮಿನ ಕೀಲಿ ನಿನ್ನ ಅಳಿಯನ ಕೈಯಾಗ," ಎಂದಿದ್ದ ರಾಚಪ್ಪ. ಹಾಗಾಗಿ ಎತ್ತು ಹಿಡಿಯಲು ಮಾಯವ್ವ ತಾನೇ ಬಂದಿದ್ದಳು. ಆ ಎತ್ತು ಕರುವಾಗಿದ್ದಾಗಿನಿಂದ ಅವಳ ಕೈಯ ಹಿಂಡಿ ತಿಂದು ಬೆಳೆದದ್ದು, ಅವಳ ಬೆರಳು ಆಡಿದತ್ತ ಹೊರಳುತ್ತಿತ್ತು.

"ತೋಟಾ ಎಲ್ಲಾ ಹೊರಗ ಇರ್ಲಿ ಧಣೇರ," ಎಂದ ದುರ್ಗಪ್ಪ. "ನಾ ಬೆನ್ನು ಮುಟ್ಟಿದ ಮ್ಯಾಲ ಒಂದು ಹಾಕೀರಂತ."

"ಎಲ್ಲಾ ಬೆಲ್ಟಿನ್ಯಾಗ ಅದಾವ, ಎಣಿಸ್ಕೋ ಬೇಕಾದ್ರ." ಸೊಂಟದ ಬೆಲ್ಟಿನ ಹತ್ತು ಮನೆಗಳಲ್ಲಿ ಹತ್ತು ಗುಂಡುಗಳ ಹಿತ್ತಾಳೆ ತಲೆಗಳು ಮಿನುಗುತ್ತಿದ್ದವು.

ಚಿಗರಿಗೆ ಮನುಷ್ಯನೆಂದರೆ ದಿಗಿಲು, ಎತ್ತೆಂದರೆ ನೆರೆಮನೆಯವ. ಎತ್ತನ್ನು ಮೇಯಿಸಿದಂತೆ ಮಾಡುತ್ತ, ಅಡ್ಡಡ್ಡ ನಡೆಸುತ್ತ, ಅದರ ಮರೆಯಲ್ಲಿ ಬಗ್ಗಿ ಹೋಗಬೇಕು. ಮುಂದೆ ಕತ್ತಿನ ಬಳಿ ಮಾಯವ್ವ, ಹೊಟ್ಟೆಯ ಬಳಿ ರಾಚಪ್ಪ, ಬಾಲದ ಬಳಿ ದುರ್ಗಪ್ಪ. ಎತ್ತು ಹೊಲಕ್ಕೆ ಕಾಲಿಟ್ಟ ಮೇಲೆ ಯಾರೂ ಬಾಯಿ ಬಿಡುವಂತಿಲ್ಲ. ಚೇಳು ಕುಟುಕಿದರೂ ಹಲ್ಲು ಕಚ್ಚಿಕೊಂಡಿರಬೇಕೆಂದು ದುರ್ಗಪ್ಪನ ಮನೆತನದ ಕಟ್ಟಳೆ.

ಜಾಲಿಯ ಗಿಡದ ಹತ್ತಿರ ರಾಚಪ್ಪ ಕಿರುಬೆರಳು ಎತ್ತಿ ತೋರಿಸಿ, ಗಿಡದ ಹಿಂದೆ ಹೋಗಿ ಬಂದ. ಒಂದು ತಾಸು ತಡೆದುಕೊಳ್ಳಲಾರದ ಗಂಡಸು ಎಂದುಕೊಂಡ ದುರ್ಗಪ್ಪ. ಅಲ್ಲಿಂದ ಆಚೆ ಕಡಲೆ ಹೊಲ. ಅದರಾಚೆಯ ಬದುವಿನ ಬಳಿ ಹದಿನೈದು ಚಿಗರಿಗಳು, ನಡುವೆ ತಿರುಚಿದ ಕೋಡಿನ ಕರಿಗಂಡು. ಎಲ್ಲರೂ ಬಗ್ಗಿದರು. ರಾಚಪ್ಪನೂ ಬಗ್ಗಿದ.

ಅವನು ಬಗ್ಗಿದ್ದೇ ತಡ, ಹೆಗಲ ಹಿಂದೆ ಆಕಾಶ ನೋಡುತ್ತಿದ್ದ ರೈಫಲ್ಲೂ ಅವನ ಬೆನ್ನಿನೊಡನೆ ಮುಂದಕ್ಕೆ ಮಲಗಿತು. ಸಡಿಲ ಪಟ್ಟಿಯಲ್ಲಿ ತೂಗುತ್ತ ಅದರ ಮೂತಿ ಮಾಯವ್ವನ ಬೆನ್ನಿನ ನಟ್ಟನಡುವಿಗೆ ಗುರಿಯಿಟ್ಟಿತು. ಬಡ್ಡಿಮಗನೇ, ನೆಟ್ಟಗೆ ಹಾಕಿಕೋ ಎಂದು ನಾನು ಬಡಕೊಂಡದ್ದು ಇದಕ್ಕೇ ಅಲ್ಲವೇ ಎಂದು ದುರ್ಗಪ್ಪ ಒಳಗೊಳಗೇ ಬೈದ. ಬೈಯುತ್ತಲೇ ಅವನ ಕಣ್ಣು ರಾಚಪ್ಪನ ಸೊಂಟಕ್ಕೆ ಇಳಿಯಿತು. ಬೆಲ್ಟಿನ ಒಂದು ಮನೆ ಖಾಲಿಯಿತ್ತು.

ಮತ್ತೊಮ್ಮೆ ಎಣಿಸಿದ. ಒಂಬತ್ತು.

ಗಿಡದ ಹಿಂದೆ ಅವನು ಏನು ಮಾಡಿ ಬಂದನೆಂದು ಈಗ ತಿಳಿಯಿತು. ದುರ್ಗಪ್ಪ ಕೈ ಎತ್ತಿದ. ಮುಟ್ಟಿದರೆ ಈ ಪುಕ್ಕಲ ಬೆಚ್ಚಿ ಕೂಗಿಯಾನು, ಕೈ ಬಂದೂಕಿನ ಕುದುರೆಗೆ ಹೋದರೂ ಹೋದೀತು. ಮಾತಾಡಿದರೆ ಚಿಗರಿ ನಿಲ್ಲುವುದಿಲ್ಲ. ಚಿಗರಿ ಹೋದರೆ ಕೀಲಿಯೂ ಹೋಯಿತು. ಎತ್ತಿದ ಕೈ ಎತ್ತಿನ ಬಾಲದ ಮೇಲೆ ಇಳಿಯಿತು. ಇನ್ನೊಂದು ಸ್ವಲ್ಪ, ಬದುವಿನ ತನಕ ಅಷ್ಟೇ. ಕಡಲೆ ಹೊಲ ದಾಟಿದರು. ಇನ್ನೊಂದು ಸ್ವಲ್ಪ. ಬದುವೂ ದಾಟಿತು, ಚಿಗರಿಗಳು ಮೇಯುತ್ತ ಮುಂದೆ ಸರಿದಿದ್ದವು. ಕುಸುಬೆಯ ಸಾಲಿಗೆ ಬಂದರು. ಮಾಯವ್ವ ಒಂದು ಕೈಯಿಂದ ಎತ್ತಿನ ಗಂಗೆದೊಗಲು ಸವರುತ್ತ, ಒಮ್ಮೆಯೂ ತಿರುಗದೆ ಹೋಗುತ್ತಿದ್ದಳು. ಬೆನ್ನ ಹಿಂದೆ ಅಪ್ಪ ಇದ್ದಾನೆಂಬ ನಡಿಗೆ ಅದು.

ರಾಚಪ್ಪ ಕುಸುಬೆಯ ಮುಳ್ಳಿಗೆ ತೊಡರಿ ಮುಗ್ಗರಿಸಿದ. ರೈಫಲ್ ಜಾರಿ ಅದರ ಮೂತಿ ಮಾಯವ್ವನ ಕತ್ತಿಗೆ, ತುರುಬಿನ ಕೆಳಗೆ, ತಣ್ಣಗೆ ತಾಗಿತು.

ಅವಳು ನಿಂತಳು. ಕೈ ಹಿಂದೆ ತಂದು ಕಬ್ಬಿಣವನ್ನು ಹಿಡಿದು ಪಕ್ಕಕ್ಕೆ ಸರಿಸಿ, ನೆಟ್ಟಗೆ ಎದ್ದು, ಮನೆಯ ಅಂಗಳದಲ್ಲಿ ಮಾತಾಡುವ ದನಿಯಲ್ಲಿ ಕೇಳಿದಳು: "ಧಣೇರ, ಇದರಾಗ ಗುಂಡು ಐತೇನ್ರಿ?"

ಚಿಗರಿಗಳು ತಲೆ ಎತ್ತಿದವು. ಮರುಕ್ಷಣ ಅಲ್ಲಿ ಧೂಳು ಮಾತ್ರ ಇತ್ತು.

"ಹೋತಲ್ಲ! ಇನ್ನೇನು ಕೈಯಾಗ ಬಂದಿತ್ತು..."

"ಗುಂಡು ಐತೇನ್ರಿ ಅಂತ ಕೇಳಿದ್ನಿ."

"ಇದ್ರ ಏನಾತು? ಲಾಕ್ ಹಾಕೇನಿ."

"ತೆಗೀರಿ. ನಾ ನೋಡ್ತೇನಿ."

ಅವಳ ಮುಖ ನೋಡಿ ರಾಚಪ್ಪ ರೈಫಲ್ ಹೆಗಲಿಂದ ಇಳಿಸಿದ. ಹಿಡಿಕೆ ಎಳೆದ. ಹಿತ್ತಾಳೆಯ ತೋಟಾ ಟಣ್ಣನೆ ಹಾರಿ ಎರೆಮಣ್ಣಿನ ಬಿರುಕಿಗೆ ಬಿತ್ತು. ಅದನ್ನು ಹೆಕ್ಕಲು ಅವನು ಬೆರಳು ತೂರಿಸಿದ, ಸಿಗಲಿಲ್ಲ. ಮೊಣಕಾಲೂರಿ ಕೆದಕಿದ. ಕೊನೆಗೆ ಧೂಳು ಝಾಡಿಸಿಕೊಂಡು ಎದ್ದ.

"ಹೆಂಗಸರನ್ನ ಕಟಗೊಂಡು ಬೇಟಿಗೆ ಬಂದ್ರ ಹಿಂಗ. ಗೋದಾಮಿಗೆ ಬ್ಯಾರೆ ಮನಷ್ಯಾನ ನೋಡ್ಕೊಂತೇನಿ, ದುರ್ಗಪ್ಪ." ಅಷ್ಟು ಹೇಳಿ ಜೀಪಿನ ಕಡೆ ಹೊರಟ. ರೈಫಲ್ ಮತ್ತೆ ಅವನ ಅಂಡಿಗೆ ಬಡಿಯತೊಡಗಿತು.

"ಹೋಗಲೇ ಹೋಗ," ಎಂದ ದುರ್ಗಪ್ಪ, ಅವನಿಗೆ ಕೇಳಿಸದಷ್ಟು ದೂರವಾದ ಮೇಲೆ. "ಬಂದೂಕ ಹೊರಾಕ ಕತ್ತೆಗಿರೋವಷ್ಟೂ ಅಕಲ್ ಇಲ್ಲ. ಕೋಡು ಬೇಕಂತ ಕೋಡು. ಇಂಥಾ ಹೇಡಿ ನನ್ಮಗಂದು..."

"ನೀ ಹಿಂದ ಇದ್ದೆಲ್ಲಪ್ಪಾ," ಎಂದಳು ಮಾಯವ್ವ.

ದುರ್ಗಪ್ಪ ಎತ್ತಿನ ಬಾಲದ ಮೇಲಿನ ಕೈ ಹಿಂದಕ್ಕೆ ತೆಗೆದ.

"ಬೆಲ್ಟಿನ್ಯಾಗ ಒಂದು ಖಾಲಿ ಇತ್ತು. ಅಂವ ಜೀಪಿನ ಕಡೆ ಹೊಳ್ಳಿದಾಗ ನಾ ನೋಡಿದ್ನಿ. ನೀ ಯಾವಾಗ ನೋಡಿದಿ?"

ಈಗಷ್ಟೇ ಎನ್ನಬಹುದಿತ್ತು. ನಲವತ್ತು ವರ್ಷ ಹುಲ್ಲಿನ ಮೇಲಿನ ಗೊರಸಿನ ಗುರುತು ಓದಿದ ಕಣ್ಣು ಅಪ್ಪನದೆಂದು ಅವಳಿಗೆ ಗೊತ್ತಿತ್ತು. ಬೇರೆಯವರಿಗೆ ಹೇಳುವ ಸುಳ್ಳು ಅವಳಿಗೆ ನಡೆಯುವಂತಿರಲಿಲ್ಲ.

"ಜಾಲಿ ಗಿಡ ದಾಟಿದ ಮ್ಯಾಲ," ಎಂದ.

ಮಾಯವ್ವ ತಿರುಗಿ ಜಾಲಿ ಗಿಡವನ್ನು ನೋಡಿದಳು. ಅದು ಕಡಲೆ ಹೊಲದ ಆಚೆ, ಅಂಗೈಯಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಅಲ್ಲಿಂದ ಬದುವಿಗೆ, ಬದುವಿನಿಂದ ಕುಸುಬೆ ಸಾಲಿಗೆ ಅವಳ ಕಣ್ಣು ನಿಧಾನವಾಗಿ ನಡೆದು ಬಂತು.

"ಕೀಲಿ ಕೊಡ್ತೇನಿ ಅಂದಿದ್ನವ್ವಾ," ಎಂದ ದುರ್ಗಪ್ಪ. "ನಿಮ್ಮ ಸಲುವಾಗಿನ..."

ಅವಳು ಸೆರಗಿನಿಂದ ಕತ್ತಿನ ಹಿಂಭಾಗ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ಎತ್ತಿನ ಮುಖ ಊರಿನ ಕಡೆ ಹೊರಳಿಸಿ, ಅದರ ಮುಂದಿನಿಂದ ಸುತ್ತಿ ಹೋಗಿ, ಆಚೆ ಮಗ್ಗುಲಿಗೆ ನಿಂತಳು. ಎತ್ತು ಹೊರಟಿತು.

ದುರ್ಗಪ್ಪ ಈ ಮಗ್ಗುಲಿಂದ ನಡೆದ. ನೆಟ್ಟಗೆ ನಡೆಯಬಹುದಾಗಿದ್ದರೂ ಸ್ವಲ್ಪ ಹೊತ್ತು ಬಗ್ಗಿಯೇ ನಡೆದ. ಎತ್ತಿನ ಹೊಟ್ಟೆಯ ಕೆಳಗಿನಿಂದ ಅವಳ ಪಾದಗಳು ಕಾಣುತ್ತಿದ್ದವು, ಎರೆಮಣ್ಣು ಮೆತ್ತಿದ, ಎಲ್ಲಿಯೂ ತಡೆಯದ ಪಾದಗಳು.