ಅರಕ್ಕೆ ಸಿಕ್ಕ ಗಾಲಿಗಳು

ನಾನು ಒಂದು ಆಟದ ರೈಲಿನ ಎಂಜಿನ್. ಅಗ್ಗದ ಎಂಜಿನ್ ಅಂತ ನೀವು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ. ತಗಡಿನ ಶೆಡ್ಡಿನಲ್ಲಿ ಕುದಿಯುವ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುರುಕಿ, ಬಿಸಿ ಆರುವ ಮೊದಲೇ ಎಳೆದು, ಅಂಚನ್ನು ಚಾಕುವಿನಿಂದ ಕೊಯ್ದು ನನ್ನನ್ನು ಹುಟ್ಟಿಸಿದರು. ಗಾಲಿಗಳು ಮಾತ್ರ ಲೋಹದವು. ಅವುಗಳ ಅಂಚು ದಪ್ಪ, ಆಳ. ಹಳಿ ಎಷ್ಟೇ ಸೊಟ್ಟಗಿದ್ದರೂ ಕಚ್ಚಿ ಹಿಡಿಯುತ್ತಿತ್ತು. ನನಗೆ ಸಿಕ್ಕ ಒಂದೇ ವರ ಅದು.

ನನ್ನನ್ನು ಕೊಂಡವನು ಹುಬ್ಬಳ್ಳಿಯ ಬಳೆ ಅಂಗಡಿ ಬಸವಂತಪ್ಪ. ರೈಲಿನ ಹುಚ್ಚ. ಅಟ್ಟದ ಮೇಲೆ ಹಳೆಯ ಹಲಗೆಗಳನ್ನು ಜೋಡಿಸಿ ಹಳಿ ಹಾಸಿದ್ದ. ಅದು ಹಳಿಯೋ ಹಳ್ಳದಿಣ್ಣೆಯೋ ಹೇಳಲಾಗದು. ಆದರೂ ನಾನು ಓಡಿದೆ. ಅವನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದ.

ಅವನ ಅಣ್ಣ ಈರಸಂಗಪ್ಪ ಹಿಂದಿನ ಓಣಿಯಲ್ಲಿದ್ದ ಕಂಟ್ರಾಕ್ಟರು. ಅಪ್ಪ ಸತ್ತ ಮೇಲೆ ತಮ್ಮನನ್ನು ಸಾಕಿದವನು. ಅವನಿಗೂ ಅದೇ ಹುಚ್ಚು, ಆದರೆ ದುಡ್ಡಿದ್ದವನ ಹುಚ್ಚು. ಗಾಜಿನ ಕಪಾಟಿನಲ್ಲಿ ವಿದೇಶಿ ಎಂಜಿನ್, ಉದ್ದನೆಯ ಮೇಜಿನ ಮೇಲೆ ಕೂದಲೆಳೆಯಂಥ ನವಿರಾದ ಹಳಿ. ಭಾನುವಾರ ಬಸವಂತಪ್ಪ ಅಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ತನ್ನ ರೈಲೂ ಅಣ್ಣನ ಹಳಿಯ ಮೇಲೆ ಓಡಬೇಕು, ಅಣ್ಣ ಒಂದು ಸಲ ಶಭಾಶ್ ಅನ್ನಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ.

ಒಂದು ಭಾನುವಾರ ಧೈರ್ಯ ಮಾಡಿ ನನ್ನನ್ನು ಒಯ್ದ. ಆ ತೆಳು ಹಳಿಯನ್ನು ಹಿಡಿದಿದ್ದ ಸಣ್ಣ ಮೊಳೆಗಳಿಗೆಲ್ಲ ನನ್ನ ದಪ್ಪ ಅಂಚು ಬಡಿದು ಕಟಕಟ ಕುಣಿದೆ. ಈರಸಂಗಪ್ಪ ಬಿದ್ದು ಬಿದ್ದು ನಕ್ಕ.

"ಚಕ್ಕಡಿ ತಂದೀಯೇನಲೇ ಬಸ್ಯಾ? ಇಂಥಾ ಕಸಾ ಮತ್ತ ನನ್ನ ಹಳಿ ಮ್ಯಾಲ ಇಟ್ಟೀ ಅಂದ್ರ ಕಾಲಾಗ ಹಾಕಿ ತುಳೀತೀನಿ ನೋಡು!"

ಅಂದವನೇ ಕೈಯಿಂದ ಒಮ್ಮೆ ಬೀಸಿ ನನ್ನನ್ನು ನೆಲಕ್ಕೆ ಕೆಡವಿದ.

ಮನೆಗೆ ಬಂದ ಬಸವಂತಪ್ಪ ಊಟ ಮಾಡಲಿಲ್ಲ. ನನ್ನ ಗಾಲಿಗಳನ್ನು ಕಿತ್ತು, ಇಕ್ಕಳದಲ್ಲಿ ಬಿಗಿದು, ಅರದಿಂದ ಅಂಚು ತೇಯತೊಡಗಿದ. ಅಯ್ಯೋ, ಆ ಕಿರುಚಾಟ! ಲೋಹದ ಪುಡಿ ಉದುರಿತು. ಅವನ ಹೆಂಡತಿ ನೀಲವ್ವ ಅಡುಗೆಮನೆಯಿಂದ ಓಡಿ ಬಂದಳು.

"ನಮ್ಮ ಮನ್ಯಾಗ ಚೊಲೋ ಓಡತಿತ್ತಲ್ಲರೀ, ಅದರ ಕಾಲ್ಯಾಕ ಕೊಯ್ಯಾಕತ್ತೀರಿ?"

"ಅಣ್ಣನ ಹಳಿ ಮ್ಯಾಲ ಓಡಬೇಕು," ಅಂದ. ಕೈ ನಿಲ್ಲಿಸಲಿಲ್ಲ.

ಮುಂದಿನ ಭಾನುವಾರ ನಾನು ಆ ಹಳಿಯ ಮೇಲೆ ಎಣ್ಣೆಯಂತೆ ಜಾರಿದೆ. ಬಸವಂತಪ್ಪ ಅಣ್ಣನ ಮುಖ ನೋಡಿದ. ಅಣ್ಣನ ಮುಖ ಕಪ್ಪಿಟ್ಟಿತ್ತು. ತನ್ನ ಭಾರದ ವಿದೇಶಿ ಎಂಜಿನ್ನನ್ನು ನನ್ನ ಹಿಂದೆ ಇಟ್ಟು, ಕರೆಂಟಿನ ಗುಂಡಿಯನ್ನು ಪೂರ್ತಿ ತಿರುವಿದ. ತಿರುವಿನಲ್ಲಿ ಆ ಪರದೇಶಿ ನನ್ನ ಬೆನ್ನಿಗೆ ಗುದ್ದಿದ. ಇಬ್ಬರೂ ಮೇಜಿನಿಂದ ಹಾರಿ ಬಿದ್ದೆವು. ನನ್ನ ಹಿಂಭಾಗ ಸೀಳಿತು; ಅವನ ಮೂತಿ ಮುರಿಯಿತು.

"ನಿನ್ನ ಕಸದಿಂದ ನನ್ನ ಎಂಜಿನ್ ಹೋತಲ್ಲಲೇ!" ಈರಸಂಗಪ್ಪ ತಮ್ಮನ ಕೆನ್ನೆಗೆ ಬಾರಿಸಿದ.

ತಾನೇ ಗುದ್ದಿಸಿ ತಾನೇ ಹೊಡೆಯುವುದೆಂದರೇನು? ಬಸವಂತಪ್ಪನಿಗೆ ಕಣ್ಣು ಕತ್ತಲಿಟ್ಟಿತು. ಕರೆಂಟಿನ ಡಬ್ಬವನ್ನು ವೈರುಸಮೇತ ಕಿತ್ತು ಅಣ್ಣನ ಹಣೆಗೆ ಬೀಸಿದ. ರಕ್ತ ಚಿಮ್ಮಿತು. ಇಬ್ಬರೂ ಉರುಳಾಡಿದ ರಭಸಕ್ಕೆ ಗಾಜಿನ ಕಪಾಟು ಪುಡಿಪುಡಿಯಾಯಿತು. ಓಣಿಯ ಜನ ಬಂದು ಬಿಡಿಸುವ ಹೊತ್ತಿಗೆ ಬಸವಂತಪ್ಪನ ಅಂಗೈ ಗಾಜಿಗೆ ಸಿಕ್ಕು ಹರಿದಿತ್ತು.

ಪಟ್ಟಿ ಕಟ್ಟಿದ ಕೈಯಿಂದಲೇ ಅವನು ನನ್ನನ್ನು ಅಟ್ಟದ ಹಳಿಯ ಮೇಲಿಟ್ಟ. ಹಳಿಗಳು ಕೂಡುವ ಮೊದಲ ಜಾಗದಲ್ಲೇ ಬಿದ್ದೆ. ಎತ್ತಿಟ್ಟ, ಮತ್ತೆ ಬಿದ್ದೆ. ಕಚ್ಚಿ ಹಿಡಿಯುವ ಅಂಚನ್ನು ತೇದುಹಾಕಿದ್ದನಲ್ಲ! ಅಣ್ಣನ ಹಳಿ ಹೋಯಿತು, ತನ್ನ ಹಳಿಯೂ ಹೋಯಿತು. ಅದು ಅರ್ಥವಾದಾಗ ಸುತ್ತಿಗೆ ತೆಗೆದು ಹಲಗೆ, ಹಳಿ ಎಲ್ಲ ಚಚ್ಚಿದ. ಕೊನೆಯ ಏಟು ನನಗೆ.

ಅಣ್ಣತಮ್ಮಂದಿರಿಗೆ ಮಾತು ನಿಂತುಹೋಯಿತು. ಒಬ್ಬರ ಮನೆಗೊಬ್ಬರು ಹಬ್ಬಕ್ಕೂ ಹೋಗಲಿಲ್ಲ, ಸಾವಿಗೂ ಹೋಗಲಿಲ್ಲ. ವರ್ಷಗಳ ಮೇಲೆ ಒಂದು ಸಂಜೆ ಈರಸಂಗಪ್ಪ ತಾನೇ ಅಟ್ಟ ಹತ್ತಿ ಬಂದ. ಮುದುಕನಾಗಿದ್ದ, ಹಣೆಯ ಮೇಲೆ ಗೆರೆಯಂಥ ಕಲೆ. ರಿಪೇರಿ ಮಾಡಿಸಿದ ವಿದೇಶಿ ಎಂಜಿನ್ನನ್ನು ತಮ್ಮನ ಮುಂದಿಟ್ಟ.

"ಒಡಿಯಪಾ ಬಸ್ಯಾ. ಒಡದು ಸಿಟ್ಟು ಇಳದ್ರ, ನನ್ನ ಕೂಡ ಒಂದು ಕಪ್ ಚಾ ಕುಡಿ."

ಬೇಡ ಅನ್ನುತ್ತಾನೆ ಅಂದುಕೊಂಡೆ. ಅನ್ನಲಿಲ್ಲ. ಸುತ್ತಿಗೆ ತಂದ. ಏಟು ಬಿದ್ದಾಗಲೆಲ್ಲ ಈರಸಂಗಪ್ಪ ಕಣ್ಣು ಮುಚ್ಚಿದ, ತಡೆಯಲಿಲ್ಲ. ಆಮೇಲೆ ಬಸವಂತಪ್ಪ ಸುತ್ತಿಗೆ ಬಿಸಾಡಿ ಅಣ್ಣನ ಕಾಲು ಹಿಡಿದು ಹೋ ಎಂದು ಅತ್ತ. ನೀಲವ್ವ ಚಹಾ ತಂದಳು. ತಮ್ಮನೇ ಅದನ್ನು ಸಾಸರಿಗೆ ಬಗ್ಗಿಸಿ ಅಣ್ಣನಿಗೆ ಕುಡಿಸಿದ.

ಈಗ ನಾವಿಬ್ಬರೂ ಒಂದೇ ರಟ್ಟಿನ ಡಬ್ಬದಲ್ಲಿದ್ದೇವೆ. ಆ ದುಬಾರಿ ಎಂಜಿನ್ ನನಗಿಂತ ಹೆಚ್ಚು ಚೂರಾಗಿದೆ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಕೆಳಗೆ ಅಣ್ಣತಮ್ಮಂದಿರು ನಗುವುದು ಕೇಳಿಸುತ್ತದೆ. ಒಂದಾದರಲ್ಲ, ಇರಲಿ. ಆದರೆ ಚೆನ್ನಾಗಿ ಓಡುತ್ತಿದ್ದ ನನ್ನ ಕಾಲನ್ನು ಕೊಯ್ದ ಕೈಯೂ, ಸುಮ್ಮನೆ ಕೂತಿದ್ದ ಇವನನ್ನು ಜಜ್ಜಿದ ಕೈಯೂ ಒಂದೇ. ಆ ಕೈಯನ್ನು ಅಣ್ಣ ಕ್ಷಮಿಸಿರಬಹುದು, ನಾನು ಕ್ಷಮಿಸಿಲ್ಲ.