ಅಂಕಿ ಹಾಡುಗಳ ಅಡಿವೆಪ್ಪನವರು

ಅಡಿವೆಪ್ಪನವರ ಕೈಗೆ ಯಾರಾದರೂ ಮೈಕು ಕೊಟ್ಟರೆ ಅವರು ಮೊದಲು ಮಾಡುತ್ತಿದ್ದ ಕೆಲಸ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಳ್ಳುವುದು. ಬೂದು ಬಣ್ಣದ, ಮೊಣಕೈ ಸವೆದ ಆ ಕೋಟನ್ನು ಅವರು ಜಪಾನಿನಲ್ಲಿದ್ದಾಗ ಕೊಂಡದ್ದು. ಬೇಸಿಗೆಯಲ್ಲಿ ಕೂಡ ಬಿಟ್ಟವರಲ್ಲ. ಗುಂಡಿ ಹಾಕಿದ ಮೇಲೆ ಎರಡೂ ಪಾದ ಜೋಡಿಸಿ, ಶಾಲೆಯ ಪ್ರಾರ್ಥನೆಗೆ ನಿಂತ ಹುಡುಗನಂತೆ ನೆಟ್ಟಗಾಗಿ, ಗಂಭೀರ ಧ್ವನಿಯಲ್ಲಿ ಒಂದು ಅಂಕಿ ಹೇಳುತ್ತಿದ್ದರು: "ನಲವತ್ತೊಂದು." ಅದಾದ ಮೇಲೆ ಜಪಾನಿ ಹಾಡು. ಹೆಸರಿನಲ್ಲಿ ಅಂಕಿಯಿಲ್ಲದ ಹಾಡನ್ನು ಅವರು ಹಾಡಿದ್ದನ್ನು ನಾನಂತೂ ಕೇಳಿಲ್ಲ.

ಅಮೆರಿಕದ ಬೆಲ್‌ವ್ಯೂ ಊರಿನ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ನಮ್ಮದೂ ಅವರದೂ ಒಂದೇ ಅಪಾರ್ಟ್‌ಮೆಂಟು, ಪಕ್ಕದೂರು ರೆಡ್ಮಂಡಿನ ಆಫೀಸಿಗೆ ಹೋಗುವುದು ಕಂಪನಿಯ ಒಂದೇ ಶಟಲ್ ಬಸ್ಸಿನಲ್ಲಿ. ನಾನು ಮೈಸೂರಿನವನು, ಬಾಯಿ ಸುಮ್ಮನಿರದವನು. ಅವರು ಗುಳೇದಗುಡ್ಡದವರು, ಕೇಳಿದ್ದಕ್ಕೆ ಉತ್ತರ ಕೊಟ್ಟು ಕೊನೆಗೆ "ಅಷ್ಟ" ಎಂದು ಬಾಗಿಲು ಹಾಕುವವರು. ಗಾಳಿಯೇ ಇಲ್ಲದ ದಿನವೂ ಎದುರುಗಾಳಿಗೆ ನಡೆಯುವವರಂತೆ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ಹಬ್ಬಕ್ಕೆ ಕನ್ನಡದವರೆಲ್ಲ ಸೇರಿ ಕರೋಕೆ ಇಟ್ಟುಕೊಂಡಾಗ ಎಲ್ಲರೂ ಹಳೆಯ ಚಿತ್ರಗೀತೆಗಳನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದರೆ, ನಡುವೆ ಇವರದೊಂದು "ಒಂಬತ್ತು" ಬರುತ್ತಿತ್ತು. ನನ್ನ ಹೆಂಡತಿ ವಿಜಯಾ, "ಇವತ್ತು ಯಾವ ನಂಬರ್ ಸಾರ್, ಲಾಟರಿ ಏನಾದ್ರೂ ಹೊಡೀತಾ?" ಎಂದು ಕಾಲೆಳೆದರೂ ಅವರಿಗೆ ಬೇಸರವಿಲ್ಲ.

ಈ ಅಂಕಿಗಳ ಕಥೆಯನ್ನು ಒಂದು ದಿನ ಶಟಲ್ಲಿನಲ್ಲಿ ಅವರಿಂದ ಹಿಂಜಿ ಹಿಂಜಿ ಹೊರಗೆಳೆದೆ. ಮದುವೆಯಾದ ಹೊಸತರಲ್ಲಿ ನಾಗೋಯಾದ ಒಂದು ಕಾರ್ಖಾನೆಗೆ ಎಂಜಿನಿಯರಾಗಿ ಹೋದರಂತೆ. ಅಲ್ಲಿ ಹಗಲೆಲ್ಲ ತುಟಿ ಬಿಚ್ಚದ ಸಹೋದ್ಯೋಗಿಗಳು ಕೆಲಸ ಮುಗಿಸಿ ಕರೋಕೆ ಕೋಣೆಗೆ ಹೋದರೆ ಬೇರೆಯೇ ಮನುಷ್ಯರು. ಒಬ್ಬರನ್ನೂ ಹಾಡದೆ ಬಿಡುವ ಪದ್ಧತಿಯಿಲ್ಲ. ಇವರ ಮುಂದೆಯೂ ಹಾಡಿನ ದಪ್ಪ ಪುಸ್ತಕ ಬಂತು. ಪುಟ ತುಂಬ ಚಿತ್ರದಂಥ ಅಕ್ಷರಗಳು, ಅವುಗಳ ನಡುವೆ ಗುರುತು ಸಿಕ್ಕ ನೆಂಟರ ಹಾಗೆ ಅಲ್ಲೊಂದು ಇಲ್ಲೊಂದು ಅಂಕಿ. ಇವರು ಅಂಥದೊಂದರ ಮೇಲೆ ಬೆರಳಿಟ್ಟರು. ಮುಂದಿನ ಸಲವೂ ಅಂಕಿಯ ಮೇಲೆಯೇ. ಈ ಭಾರತೀಯನಿಗೆ ಗಣಿತದ ಮೇಲೆ ಅದೆಂಥ ಪ್ರೀತಿ ಎಂದು ಮೇಲಧಿಕಾರಿ ಮೆಚ್ಚಿ ಚಪ್ಪಾಳೆ ತಟ್ಟಿದ ಮೇಲೆ, ಓದಲು ಬರುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗೆ ಬಂದೀತು? ಅಂಕಿಯಿದ್ದ ಹಾಡುಗಳನ್ನೆಲ್ಲ ಒಂದೊಂದಾಗಿ ಕಿವಿಯಲ್ಲೇ ಕಲಿತರು.

"ಅರ್ಥ ಗೊತ್ತಾ ಸಾರ್?" ಎಂದೆ.

"ಇಲ್ರಿ. ನಂಬರ್ ಅಷ್ಟ ಗೊತ್ತು."

ಆದರೆ ಆ ಹಾಡುಗಳು ಅವರಿಗೆ ಇನ್ನೊಂದು ಉಪಕಾರ ಮಾಡಿದ್ದವು. ಯಾರೆದುರೂ ಏನನ್ನೂ ಬಾಯಿಬಿಟ್ಟು ಕೇಳಲಾರದ ಈ ಸಂಕೋಚದ ಪ್ರಾಣಿಗೆ, ಒಂದು ಹಾಡು ಹಾಡಿದ ಮೇಲೆ ಮಾತ್ರ ಗಂಟಲ ಗಂಟು ಸಡಿಲವಾಗುತ್ತಿತ್ತು. ಮಗಳು ಪೂರ್ಣಿಮಾ ಹುಟ್ಟುವ ಹೊತ್ತಿಗೆ ರಜೆ ಬೇಕೆಂದು ಕೇಳಿದ್ದು "ಎಂಟುನೂರು" ಹಾಡಿ ಇಳಿದ ಕೂಡಲೇ. ಅಮೆರಿಕೆಗೆ ವರ್ಗ ಕೇಳಿದ್ದೂ ಹಾಗೆಯೇ. ಮೊದಲು ಹಾಡು, ಆಮೇಲೆ ಮಾತು, ಇದು ಅವರ ಜೀವನದ ಕ್ರಮವಾಗಿಬಿಟ್ಟಿತು. ಇಲ್ಲಿಗೆ ಬಂದ ಮೇಲೂ ಆ ಹಾಡುಗಳನ್ನೆಲ್ಲ ಅಂಕಿಯ ಏರಿಕೆಯ ಕ್ರಮದಲ್ಲಿ ಫೋನಿನ ಪ್ಲೇಲಿಸ್ಟಾಗಿ ಜೋಡಿಸಿಟ್ಟುಕೊಂಡು, ಮುಖ್ಯ ಮೀಟಿಂಗಿನ ಮೊದಲು ಒಂದನ್ನು ಮೆಲ್ಲಗೆ ಗುನುಗಿಯೇ ಒಳಗೆ ಹೋಗುತ್ತಿದ್ದರು.

ಅವರ ಹೆಂಡತಿ ತ್ರಿವೇಣಿ. ಆಕೆಯ ಹೆಸರು ನನಗೆ ತಿಳಿದದ್ದು ಆಕೆಯ ಬಾಯಿಂದ, ಅಡಿವೆಪ್ಪನವರಿಂದಲ್ಲ. ಅವರು ಹೆಂಡತಿಯನ್ನು ಕರೆಯುತ್ತಿದ್ದುದು "ಕೇಳಿಲ್ಲಿ" ಎಂದು. ಬೇರೆಯವರೆದುರು "ನಮ್ಮ ಮನಿಯಾಕಿ" ಎಂದು. ಗಂಡಹೆಂಡಿರು ಪರಸ್ಪರ ಹೆಸರು ಹಿಡಿಯಬಾರದೆಂಬ ಹಳೆಯ ಪದ್ಧತಿಯನ್ನು ಅವರು ಎರಡು ಸಮುದ್ರ ದಾಟಿದರೂ ಬಿಟ್ಟಿರಲಿಲ್ಲ. ಪ್ರೀತಿಗೆ ಕೊರತೆಯಿತ್ತೆಂದಲ್ಲ: ಹಿಮ ಬಿದ್ದ ದಿನ ಆಕೆಯ ಕಾರಿನ ಗಾಜನ್ನು ಬೆಳಗ್ಗೆಯೇ ಕೆರೆದು, ಬಿಸಿ ಮಾಡಿಟ್ಟು, ಏನೂ ಮಾಡದವರಂತೆ ಒಳಗೆ ಬಂದು ಕೂರುವ ಮನುಷ್ಯ. ಆದರೆ ಆ ಮನುಷ್ಯನ ಧ್ವನಿ ಪೂರ್ತಿ ತೆರೆದುಕೊಳ್ಳುತ್ತಿದ್ದುದು ಯಾರಿಗೂ ತಿಳಿಯದ ಜಪಾನಿಯಲ್ಲಿ ಮಾತ್ರ. "ನಲವತ್ತೊಂದು" ಹಾಡುವಾಗ ಅವರ ಕಣ್ಣು ತುಂಬುವುದನ್ನು ತ್ರಿವೇಣಿ ಮೂಲೆಯ ಕುರ್ಚಿಯಿಂದ ನೋಡುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಎರಡು ಸಾವಿರದ ಹದಿನಾರರ ಶರತ್ಕಾಲದಲ್ಲಿ ಅವರ ಗಂಟಲು ಕಟ್ಟಿತು. ಮಳೆ, ಥಂಡಿ ಎಂದು ಕಷಾಯ ಕುಡಿಯುತ್ತಲೇ ಕಾಲ ತಳ್ಳಿದರು. ಕೊನೆಗೆ ತೋರಿಸಿದಾಗ ಅದು ಕಷಾಯಕ್ಕೆ ಬಗ್ಗುವ ರೋಗವಾಗಿರಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು ಡಾಕ್ಟರು. ಮನೆಯವರಿಗೆ ಬೇಕೆನಿಸಿದ ಮಾತುಗಳನ್ನು ಆಪರೇಷನ್ನಿಗೆ ಮುಂಚೆ ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು.

ಆ ಸಂಜೆ ತ್ರಿವೇಣಿ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದರು: "ಮದಿವಿ ಆದಾಗಿಂದ ಒಮ್ಮೇನೂ ಹೆಸರು ಹಿಡದು ಕರದಿಲ್ರಿ ಅವ್ರು. ಒಂದ ಸಲ ತ್ರಿವೇಣಿ ಅಂತ ಅಂದು ಇಟ್ಟುಬಿಡ್ಲಿ. ನಂಗ ಬ್ಯಾರೆ ಏನೂ ಬ್ಯಾಡ. ನಾ ಹೆಂಗ ಕೇಳ್ಲಿ, ನೀವ ಹೇಳ್ರಿ."

ವಿಜಯಾ ಕಣ್ಣೊರೆಸಿಕೊಂಡಳು. ಮರುದಿನ ಶಟಲ್ಲಿನಲ್ಲಿ ನಾನು ವಿಷಯ ತೆಗೆದೆ. ಅಡಿವೆಪ್ಪನವರು ಹೊಸ ಮದುವಣಿಗನಂತೆ ನಾಚಿ ಕಿಟಕಿಯ ಕಡೆ ತಿರುಗಿದರು. ಧ್ವನಿ ಆಗಲೇ ಒಡೆದಿತ್ತು. "ನಮ್ಮ ಕಡೆ ಹೇಂತಿ ಹೆಸರು ಕರದ್ರ ನಗ್ತಾರ್ರಿ. ಆದ್ರೂ ಹೇಳ್ತೇನಿ. ಸುಮ್ನ ಕುಂತು ಅನ್ನಾಕ ಬಾಯಿ ಬರೂದಿಲ್ಲ. ಹಾಡು ಒಂದಿಷ್ಟು ಆಗ್ಲಿ, ಆಮ್ಯಾಲ ತಾನ ಬರತೈತಿ. ಅಷ್ಟ." ಇಷ್ಟು ವರ್ಷ ಕೈಕೊಡದ ಉಪಾಯ ಈಗೇಕೆ ಕೈಕೊಟ್ಟೀತು ಎಂದು ನನಗೂ ಅನ್ನಿಸಿತು.

ಆಪರೇಷನ್ನಿನ ಹಿಂದಿನ ಶನಿವಾರ ಮಧ್ಯಾಹ್ನ, ಜಪಾನೀಯರೊಬ್ಬರು ಬೆಲ್‌ವ್ಯೂದಲ್ಲಿ ನಡೆಸುತ್ತಿದ್ದ ಕರೋಕೆ ಕೋಣೆಗೆ ಅವರ ಮನೆಯ ಮೂವರನ್ನೂ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹೈಸ್ಕೂಲಿನಲ್ಲಿದ್ದ ಪೂರ್ಣಿಮಾ ತನ್ನ ಫೋನನ್ನು ರೆಕಾರ್ಡಿಗೆ ಹಾಕಿ ಮೇಜಿನ ಮೇಲಿಟ್ಟಳು. ತ್ರಿವೇಣಿ ಬಿಸಿನೀರಿನ ಫ್ಲಾಸ್ಕು ಹಿಡಿದು ಎದುರಿಗೆ ಕೂತರು; ತಲೆ ಬಾಚಿ, ಹೊಸ ಸೀರೆ ಉಟ್ಟು ಬಂದಿದ್ದರು. ಅಡಿವೆಪ್ಪನವರು ಗುಂಡಿ ಹಾಕಿಕೊಂಡು, ಪಾದ ಜೋಡಿಸಿ, "ಒಂಬತ್ತು" ಎಂದರು. ಮೊದಮೊದಲು ತಗಡು ಕೆರೆದಂತಿದ್ದ ಧ್ವನಿ ಎರಡನೆಯ ಹಾಡಿಗೆ ಹದಕ್ಕೆ ಬಂತು, ಆಮೇಲಂತೂ ಹಳೆಯ ಅಡಿವೆಪ್ಪನವರೇ ಎದ್ದು ನಿಂತರು. ಅಂಥ ಹಾಡುಗಾರಿಕೆಯನ್ನು ಅವರಿಂದ ನಾನು ಹಿಂದೆ ಕೇಳಿರಲಿಲ್ಲ, ಮತ್ತು ಕೇಳುತ್ತ ಕೇಳುತ್ತ ನನಗೆ ದಿಗಿಲಾಗತೊಡಗಿತು.

"ಸಾರ್, ಹಾಡು ಸಾಕು. ಹೇಳಬೇಕಾದ್ದು ಹೇಳ್ಬಿಡಿ," ಎಂದೆ.

ಅವರು ಕೈ ಎತ್ತಿ ತಡೆದರು. "ಇನ್ನೊಂದು. ಇನ್ನೊಂದ ಅಷ್ಟ."

"ನಲವತ್ತೊಂದು" ಆಯಿತು. "ಎಂಟುನೂರು" ಅರ್ಧಕ್ಕೆ ಬಂದಾಗ ಸ್ವರ ಬಿರುಕುಬಿಟ್ಟಿತು. ಹಟಕ್ಕೆ ಬಿದ್ದು ಮುಗಿಸಿದರು. ಮೈಕು ಕೆಳಗಿಟ್ಟು ಹೆಂಡತಿಯ ಎದುರು ಹೋಗಿ ನಿಂತರು. ತ್ರಿವೇಣಿ ಫ್ಲಾಸ್ಕನ್ನು ಪಕ್ಕಕ್ಕಿಟ್ಟು ತಲೆಯೆತ್ತಿದರು. ಅಡಿವೆಪ್ಪನವರ ತುಟಿ ಅಲುಗಿತು, ನಾಲಿಗೆ ಹಲ್ಲಿಗೆ ತಾಗಿತು, ಆದರೆ ಹೊರಗೆ ಬಂದದ್ದು ಬರೀ ಉಸಿರು. ಇನ್ನೊಮ್ಮೆ ಪ್ರಯತ್ನಿಸಿದರು, ಕುತ್ತಿಗೆಯ ನರ ಉಬ್ಬಿತು, ಮತ್ತೆ ಉಸಿರೇ. ಬಿಸಿನೀರು ಕುಡಿಸಿದರೂ ಅಷ್ಟೇ. ನಾಲಿಗೆಯ ತುದಿಯವರೆಗೆ ಬಂದ ಮಾತಿಗೆ ದನಿಯೇ ಉಳಿದಿರಲಿಲ್ಲ.

"ಇಟ್ಸ್ ಓಕೆ ಅಪ್ಪಾ, ವಿ ಕ್ಯಾನ್ ಟ್ರೈ ಟುಮಾರೋ," ಎಂದಳು ಪೂರ್ಣಿಮಾ.

ಮರುದಿನ ದನಿ ಮರಳಲಿಲ್ಲ, ಅದರ ಮರುದಿನವೂ ಇಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಜೀವ ಉಳಿಯಿತು. ಮನೆಗೆ ಬಂದ ಮೇಲೆ ಬರೆದದ್ದನ್ನು ಓದಿ ಹೇಳುವ ಒಂದು ಆ್ಯಪನ್ನು ಮಗಳು ಅವರ ಫೋನಿಗೆ ಹಾಕಿಕೊಟ್ಟಳು. ಅವರು ಅದರಲ್ಲಿ ಮೊಟ್ಟಮೊದಲು ಬರೆದದ್ದು ಹೆಂಡತಿಯ ಹೆಸರು. ಅಮೆರಿಕದ ಯಾರೋ ಗಂಡಸಿನ ದನಿಯಲ್ಲಿ ತನ್ನ ಹೆಸರು ಕೇಳಿ, ಯಾರು ಬಂದರೆಂದು ಗಾಬರಿಯಾಗಿ ತ್ರಿವೇಣಿ ಹೊರಗೆ ಬಂದರಂತೆ. "ಇದನ್ನ ಬಂದ್ ಮಾಡ್ರಿ," ಎಂದು ಕೈಮುಗಿದರಂತೆ. "ಚಪ್ಪಾಳಿ ಬಡೀರಿ, ಬರ್ತೇನಿ." ಅಂದಿನಿಂದ ಆ ಮನೆಯಲ್ಲಿ ಚಪ್ಪಾಳೆಯೇ ಕರೆ.

ಪೂರ್ಣಿಮಾ ಶಾಲೆಯಲ್ಲಿ ಜಪಾನಿ ಭಾಷೆ ತೆಗೆದುಕೊಂಡಳು. ಅಪ್ಪನ ಹಾಡುಗಳ ಅರ್ಥ ಹೇಳಲಾ ಎಂದು ಅಮ್ಮನನ್ನು ಕೇಳಿದಾಗ ನಾನೂ ಅಲ್ಲಿದ್ದೆ. ತ್ರಿವೇಣಿ ರೊಟ್ಟಿಯ ಹಿಟ್ಟು ನಾದುತ್ತಿದ್ದರು, ಪಕ್ಕದಲ್ಲಿ ಆ ಶನಿವಾರದ ರೆಕಾರ್ಡು ಹಾಡುತ್ತಿತ್ತು. "ಬ್ಯಾಡವ್ವಾ," ಎಂದು ಮೊಣಕೈಯಿಂದ ಫೋನಿನ ಪರದೆ ಒತ್ತಿ ಹಾಡುಗಳನ್ನೆಲ್ಲ ದಾಟಿಸಿ ಕೊನೆಗೆ ತಂದರು. ಹಾಡು ಮುಗಿದಿದೆ. ಮೈಕು ಇಟ್ಟ ಸದ್ದು, ಹೆಜ್ಜೆಯ ಸದ್ದು, ಆಮೇಲೆ ಒಂದು ಉಸಿರು, ಸ್ವಲ್ಪ ಬಿಟ್ಟು ಇನ್ನೊಂದು. ಹೊರಗಿನ ಕೋಣೆಯಲ್ಲಿ ಅಡಿವೆಪ್ಪನವರು ಪತ್ರಿಕೆ ಮಡಿಸಿ ಕೆಳಗಿಟ್ಟರು.

"ಇಷ್ಟ ಸಾಕು ನಂಗ," ಎಂದರು ತ್ರಿವೇಣಿ.

ಅಡಿವೆಪ್ಪನವರಂಥವರು ನಮ್ಮಲ್ಲಿ ಬಹಳ ಮಂದಿ. ಕೆಟ್ಟವರಲ್ಲ, ಒಣ ಎದೆಯವರಂತೂ ಅಲ್ಲವೇ ಅಲ್ಲ. ತಿಳಿಯದ ಭಾಷೆಯಲ್ಲಿ, ತಿಳಿಯದ ಜನರ ದುಃಖಕ್ಕೆ ಕಣ್ಣು ತುಂಬಿಕೊಳ್ಳಬಲ್ಲ ಇವರು, ಮನೆಯೊಳಗಿನ ಒಂದೇ ಒಂದು ಮಾತಿಗೆ ಮಾತ್ರ ಧೈರ್ಯ ಕೂಡಿಬರಲೆಂದು ಕಾಯುತ್ತಾರೆ, ಕಾಯುವುದಕ್ಕೇ ತಮ್ಮ ಬಲವನ್ನೆಲ್ಲ ವೆಚ್ಚ ಮಾಡುತ್ತಾರೆ. ಅವರನ್ನು ನೆನೆದರೆ ನನಗೆ ಮರುಕಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಏಕೆಂದರೆ ಅವರು ಆಡದೆ ಉಳಿಸಿದ ಮಾತು ಅವರೊಂದಿಗೇ ಮುಗಿದುಹೋಗುವುದಿಲ್ಲ. ಅವರ ಮನೆಯ ಹೆಂಗಸೊಬ್ಬಳು ಬರೀ ಉಸಿರಿನಲ್ಲಿ ಅದನ್ನು ಕೇಳಿಸಿಕೊಳ್ಳುವುದನ್ನು ಕಲಿಯಬೇಕಾಗುತ್ತದೆ, ಮತ್ತು ಕಲಿತ ಮೇಲೆ, ಸಾಕು ಎನ್ನಬೇಕಾಗುತ್ತದೆ.